ಬಡ್ತಿಯ ಬೆನ್ನಿಗೇ ವರ್ಗಾವಣೆ

ಬಡ್ತಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ಟ್ರಂಕು, ಹೋಲ್ಡಾಲು ಮತ್ತು ಶಾಲೆಯ ಟಿ.ಸಿ. ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡ್ತಿ ಒಂಟಿಯಾಗಿ ಬರುವುದಿಲ್ಲ, ವರ್ಗಾವಣೆಯ ಕೈಹಿಡಿದುಕೊಂಡೇ ಬರುತ್ತದೆ. ಹಂಚಿದ ಪೇಡೆಯ ಡಬ್ಬಿ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಕಾಗದ ಮೇಜಿನ ಮೇಲೆ ಕೂತಿರುತ್ತದೆ. ನಮ್ಮ ದೊಡ್ಡಪ್ಪ ಎರಡು ಸಲ ಬಡ್ತಿ ಬೇಡವೆಂದು ಬರೆದುಕೊಟ್ಟು, ಹಿತ್ತಲಿನ ತೆಂಗಿನ ಮರಗಳನ್ನು ನೋಡಿಕೊಂಡು ಗುಮಾಸ್ತರಾಗಿಯೇ ನಿವೃತ್ತರಾದರು. ಮನೆಯವರೆಲ್ಲ ಅವರಿಗೆ ಧೈರ್ಯ ಸಾಲದು ಅಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಗ್ರೆಟ್ನಾ ಫುಟ್‌ಬಾಲ್ ಕ್ಲಬ್ಬಿನ ಕಥೆ ತಿಳಿಯುವ ತನಕ.

ಗ್ರೆಟ್ನಾ ಸ್ಕಾಟ್ಲೆಂಡಿನ ದಕ್ಷಿಣದ ತುದಿಯಲ್ಲಿ, ಇಂಗ್ಲೆಂಡಿನ ಗಡಿಗೆ ಮೈತಾಗಿಸಿಕೊಂಡಿರುವ ಊರು. ಜನ ಸುಮಾರು ಮೂರು ಸಾವಿರ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಮದ್ದಿನ ಕಾರ್ಖಾನೆಯ ಕೆಲಸಗಾರರಿಗಾಗಿ ಕಟ್ಟಿದ್ದು. ಆ ಕಾರ್ಖಾನೆಯಲ್ಲಿ ಹೆಂಗಸರು ಕೈಯಿಂದ ಕಲಸುತ್ತಿದ್ದ ಸಿಡಿಮದ್ದಿನ ಮುದ್ದೆಯನ್ನು ಕಂಡು ‘ದೆವ್ವದ ಗಂಜಿ’ ಎಂದು ಹೆಸರಿಟ್ಟವನು ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಕಾನನ್ ಡಾಯ್ಲ್. ಆದರೆ ಲೋಕಕ್ಕೆ ಹೆಚ್ಚು ಗೊತ್ತಿರುವುದು ಪಕ್ಕದ ಹಳ್ಳಿ ಗ್ರೆಟ್ನಾ ಗ್ರೀನ್, ಅದೂ ಓಡಿಹೋಗಿ ಮದುವೆಯಾಗುವವರ ಕಾರಣಕ್ಕೆ. 1754ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಕಾನೂನಿನಂತೆ ಇಪ್ಪತ್ತೊಂದು ತುಂಬದವರ ಮದುವೆಗೆ ಹೆತ್ತವರ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡಿನಲ್ಲಿ ಆ ರಗಳೆ ಇರಲಿಲ್ಲ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಗಡಿ ದಾಟಿದೊಡನೆ ಸಿಗುವ ಹಳ್ಳಿ ಇದು. ಇಲ್ಲಿನ ಕಮ್ಮಾರರೇ ಪುರೋಹಿತರಾದರು. ಕುದುರೆ ಲಾಳ ಬಡಿಯುವ ಅಡಿಗಲ್ಲಿನ ಮೇಲೆ ಸುತ್ತಿಗೆ ಠಣ್ ಎಂದರೆ ಮುಗಿಯಿತು, ಅದೇ ಗಟ್ಟಿಮೇಳ. ಹಿಂದಿನಿಂದ ಗಾಡಿಯಲ್ಲಿ ಅಟ್ಟಿಸಿಕೊಂಡು ಬಂದ ಅಪ್ಪ ಏದುಸಿರು ಬಿಡುತ್ತ ಇಳಿಯುವಾಗ ಎದುರಿಗೆ ಅಳಿಯ ನಿಂತಿರುತ್ತಿದ್ದ. ಇವತ್ತಿಗೂ ಅಲ್ಲಿ ವರ್ಷಕ್ಕೆ ಸಾವಿರಾರು ಮದುವೆಗಳಾಗುತ್ತವೆ.

ಪ್ರೇಮಿಗಳು ಇಂಗ್ಲೆಂಡಿನಿಂದ ಇತ್ತ ಓಡಿಬಂದರೆ, ಊರಿನ ಫುಟ್‌ಬಾಲ್ ಕ್ಲಬ್ಬು ಅತ್ತ ಓಡಿತ್ತು. 1946ರಲ್ಲಿ ಹುಟ್ಟಿದ ಗ್ರೆಟ್ನಾ ಬಹುಕಾಲ ಆಡಿದ್ದು ಗಡಿಯಾಚೆಯ ಇಂಗ್ಲಿಷ್ ಲೀಗುಗಳಲ್ಲಿ. 2002ರಲ್ಲಿ ಏರ್‌ಡ್ರಿಯೋನಿಯನ್ಸ್ ಎಂಬ ಹಳೆಯ ಕ್ಲಬ್ಬು ದಿವಾಳಿಯಾಗಿ ಸ್ಕಾಟಿಷ್ ಲೀಗಿನಲ್ಲಿ ಒಂದು ಜಾಗ ತೆರವಾಯಿತು. ಗ್ರೆಟ್ನಾ ಅರ್ಜಿ ಹಾಕಿ ಆ ಕುರ್ಚಿಯಲ್ಲಿ ಕೂತಿತು. ಸತ್ತವರ ಕುರ್ಚಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ ಬಂದವರು ಬ್ರೂಕ್ಸ್ ಮೈಲ್ಸನ್. ಉದ್ಯಮದಲ್ಲಿ ಕೋಟಿಗಟ್ಟಲೆ ಗಳಿಸಿದ ಮನುಷ್ಯ. ಉದ್ದ ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿಕೊಂಡು, ಕೈಯಲ್ಲಿ ಸದಾ ಒಂದು ಸಿಗರೇಟು ಹಿಡಿದು, ಮನೆಯ ಸುತ್ತ ಕಂಡಕಂಡ ಪ್ರಾಣಿಗಳನ್ನೆಲ್ಲ ಸಾಕಿಕೊಂಡಿದ್ದವರು. ಕ್ಲಬ್ಬಿನ ಮಾಲೀಕರಿಗೆಂದು ಇಟ್ಟ ಕುರ್ಚಿಗಿಂತ ಅಭಿಮಾನಿಗಳ ಗುಂಪೇ ಅವರಿಗೆ ಹಿತ. ಹಣ ಹರಿದುಬಂತು, ಆಟಗಾರರು ಬಂದರು, ಗೋಲುಗಳೂ ಬಂದವು. ಅಲ್ಲಿನ ಲೀಗು ಮೆಟ್ಟಿಲಿನ ಹಾಗೆ, ಒಂದು ಹಂತದಲ್ಲಿ ಮೊದಲು ಬಂದ ತಂಡಕ್ಕೆ ಮೇಲಿನ ಹಂತಕ್ಕೆ ಬಡ್ತಿ, ಕೊನೆಗೆ ಬಿದ್ದ ತಂಡಕ್ಕೆ ಹಿಂಬಡ್ತಿ. 2004-05ರಲ್ಲಿ ನಾಲ್ಕನೆಯ ಹಂತದ ಲೀಗಿನ 36 ಪಂದ್ಯಗಳಲ್ಲಿ 130 ಗೋಲು, 98 ಅಂಕ, ಮೊದಲ ಬಡ್ತಿ. ಆ ಗೋಲುಗಳಲ್ಲಿ ದೊಡ್ಡ ಪಾಲು ಹೊಡೆದ ಕೆನ್ನಿ ಡ್ಯೂಕರ್ ಓದಿನಲ್ಲೂ ವೃತ್ತಿಯಲ್ಲೂ ಡಾಕ್ಟರು. ಮುಂದಿನ ವರ್ಷ ಮತ್ತೆ ಬಡ್ತಿ, ಅದರ ಮುಂದಿನ ವರ್ಷ ಮತ್ತೆ ಬಡ್ತಿ. ನಡುವೆ 2006ರಲ್ಲಿ, ಮೂರನೆಯ ಹಂತದಲ್ಲಿ ಆಡುತ್ತಿದ್ದಾಗಲೇ, ಸ್ಕಾಟಿಷ್ ಕಪ್ಪಿನ ಫೈನಲ್ಲಿಗೆ ಹೋಗಿ ಎಡಿನ್‌ಬರೋದ ಹಾರ್ಟ್ಸ್ ತಂಡವನ್ನು 1-1ರಲ್ಲಿ ನಿಲ್ಲಿಸಿಬಿಟ್ಟರು. ಸೋತದ್ದು ಪೆನಾಲ್ಟಿಯಲ್ಲಿ. ಗ್ರೆಟ್ನಾದ ಗ್ಯಾವಿನ್ ಸ್ಕೆಲ್ಟನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಹೊರಗೆ ಹಾರಿತು, ಕಪ್ಪು ಹಾರ್ಟ್ಸ್ ಪಾಲಾಯಿತು.

ಮೂರನೆಯ ಬಡ್ತಿ ಬಂದ ಬಗೆ ಮಾತ್ರ ವಿಸ್ತಾರವಾಗಿ ಹೇಳುವಂಥದು. 2007ರ ಏಪ್ರಿಲ್ 28, ಋತುವಿನ ಕೊನೆಯ ದಿನ. ಭಾರಿ ಮುನ್ನಡೆಯನ್ನು ಕೈಯಾರೆ ಕರಗಿಸಿಕೊಂಡು ಕೂತಿದ್ದ ಗ್ರೆಟ್ನಾ ದೂರದ ಉತ್ತರದ ಡಿಂಗ್‌ವಾಲ್‌ನಲ್ಲಿ ರಾಸ್ ಕೌಂಟಿಯ ಎದುರು 2-2ರಲ್ಲಿ ಒದ್ದಾಡುತ್ತಿತ್ತು. ಬೆನ್ನಟ್ಟಿ ಬಂದಿದ್ದ ಸೇಂಟ್ ಜಾನ್‌ಸ್ಟನ್ ಇನ್ನೊಂದು ಊರಿನಲ್ಲಿ 4-3ರಿಂದ ಗೆದ್ದು, ಬಡ್ತಿ ತಮ್ಮದೇ ಎಂದು ಸುದ್ದಿಗೆ ಕಿವಿಗೊಟ್ಟು ನಿಂತಿತ್ತು. ತೊಂಬತ್ತು ನಿಮಿಷ ತೀರಿ ಹೆಚ್ಚುವರಿ ಸಮಯ ಓಡುತ್ತಿದ್ದಾಗ ಜೇಮ್ಸ್ ಗ್ರೇಡಿ ಎಂಬ ಪುಟ್ಟ ಆಳಿನ ಹಳೆಯ ಆಟಗಾರ ಚೆಂಡನ್ನು ಬಲೆಗೆ ಸೇರಿಸಿದ. ಒಂದೇ ಅಂಕದ ಅಂತರದಲ್ಲಿ ಗ್ರೆಟ್ನಾ ಎಲ್ಲಕ್ಕಿಂತ ಮೇಲಿನ ಹಂತವಾದ ಸ್ಕಾಟಿಷ್ ಪ್ರೀಮಿಯರ್ ಲೀಗಿಗೆ ಏರಿತು. ಆ ಮಟ್ಟದ ಲೀಗಿನಲ್ಲಿ ಅಷ್ಟು ಚಿಕ್ಕ ಊರು ಅದುವರೆಗೆ ಕಂಡಿರಲಿಲ್ಲ.

ಇನ್ನು ವರ್ಗಾವಣೆಯ ಕಾಗದ.

ಪ್ರೀಮಿಯರ್ ಲೀಗಿನಲ್ಲಿ ಆಡಬೇಕೆಂದರೆ ಮೈದಾನದಲ್ಲಿ ಆರು ಸಾವಿರ ಆಸನ ಇರಬೇಕೆಂಬುದು ಆಗ ನಿಯಮವಾಗಿತ್ತು. ಗ್ರೆಟ್ನಾದ ರೇಡೇಲ್ ಪಾರ್ಕಿನಲ್ಲಿ ಅದರ ಅರ್ಧವೂ ಇರಲಿಲ್ಲ. ಊರಿನಲ್ಲಿ ಇರುವುದೇ ಮೂರು ಸಾವಿರ ಮಂದಿ! ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯ ತನಕ ಎಲ್ಲರನ್ನೂ ಕರೆದು ಕೂರಿಸಿದರೂ ಅರ್ಧ ಆಸನ ಖಾಲಿ. ಆದರೆ ನಿಯಮ ನಿಯಮವೇ. ಹಾಗಾಗಿ ‘ತವರಿನ’ ಪಂದ್ಯಗಳಿಗೆ ಗ್ರೆಟ್ನಾ ಬಾಡಿಗೆ ಹಿಡಿದದ್ದು ಮದರ್‌ವೆಲ್ ಕ್ಲಬ್ಬಿನ ಫರ್ ಪಾರ್ಕ್ ಮೈದಾನವನ್ನು. ದೂರ ಎಷ್ಟು? ಸುಮಾರು 120 ಕಿಲೋಮೀಟರು.

ಇಲ್ಲಿಗೆ ಬಂದಾಗ ನನಗೆ ನಗುವೂ ಬಂತು, ಹೊಟ್ಟೆಯೊಳಗೆ ಏನೋ ಸಂಕಟವೂ ಆಯಿತು. ಊರೂರಿನವರ ಮದುವೆಗೆ ಮಂಟಪವಾದ ಊರು, ತನ್ನ ಹುಡುಗರಿಗೆ ಮಂಟಪ ಹುಡುಕಿಕೊಂಡು ಪರವೂರಿಗೆ ಹೋಗಬೇಕಾಯಿತು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ, ಎರಡು ತಾಸಿನ ಮೇಲೆ ಅಪರಿಚಿತ ಊರಿನಲ್ಲಿ ಇಳಿದು, “ಬನ್ನಿ ಬನ್ನಿ, ನಮ್ಮ ಮನೆಗೆ ಬನ್ನಿ” ಎಂದು ಎದುರಾಳಿಯನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಬೇಕು. ಎಷ್ಟೋ ಸಲ ಅತಿಥಿಗೆ ಆ ಮನೆ ಆತಿಥೇಯನಿಗಿಂತ ಹತ್ತಿರ, ಹೆಚ್ಚು ಪರಿಚಿತ ಕೂಡ. ನೀರಿನ ಕೊಡ ಎಲ್ಲಿದೆ ಎಂದು ಬಂದ ನೆಂಟರೇ ತೋರಿಸುವ ಮನೆಗೆ ಯಜಮಾನನೆಂದರೆ ಏನರ್ಥ?

ಇಂಥದ್ದು ಮೊದಲೂ ಆಗಿತ್ತು. 2004ರಲ್ಲಿ ಬಡ್ತಿ ಪಡೆದ ಇನ್ವರ್ನೆಸ್ ತಂಡ ನೂರೈವತ್ತು ಕಿಲೋಮೀಟರಿಗೂ ಆಚೆಯ ಅಬರ್‌ಡೀನಿನಲ್ಲಿ ತವರಿನ ಪಂದ್ಯ ಆಡುತ್ತಿತ್ತು. ಆಗಿನ ನಿಯಮ ಹತ್ತು ಸಾವಿರ ಆಸನ. ಅದನ್ನು ಆರು ಸಾವಿರಕ್ಕೆ ಇಳಿಸಿದ ಮೇಲೆ 2005ರ ಜನವರಿಯಲ್ಲಿ ಇನ್ವರ್ನೆಸ್ ಮನೆಗೆ ಮರಳಿತು. ಡೆಪ್ಯುಟೇಷನ್ ಮುಗಿಸಿಕೊಂಡು ಬಂದ ಹಾಗೆ. ಗ್ರೆಟ್ನಾಕ್ಕೆ ಆ ಯೋಗ ಇರಲಿಲ್ಲ.

ಮೊದಲ ಪಂದ್ಯದಲ್ಲೇ ಫಾಲ್‌ಕರ್ಕ್ ಬಂದು ನಾಲ್ಕು ಗೋಲು ಹೊಡೆದು ಹೋಯಿತು. ಅಕ್ಟೋಬರಿನಲ್ಲಿ ಡಂಡೀ ಯುನೈಟೆಡ್ ವಿರುದ್ಧ 3-2ರ ಮೊದಲ ಗೆಲುವು ಬಂದಾಗ ಅಂಕಪಟ್ಟಿಯ ತಳದಲ್ಲಿ ಆಗಲೇ ಹಾಸಿಗೆ ಹಾಸಿಯಾಗಿತ್ತು. ಎರಡು ತಂಡಗಳ ಬೂಟಿನಡಿ ಫರ್ ಪಾರ್ಕಿನ ಹುಲ್ಲು ಚಳಿಗಾಲದಲ್ಲಿ ಕೆಸರುಗದ್ದೆಯಾಯಿತು. ಬಾಡಿಗೆದಾರ ಬಂದ ಮೇಲೆ ನಲ್ಲಿಯ ನೀರು ಮೊದಲಿನಂತೆ ಬರುತ್ತಿಲ್ಲ ಎನ್ನುವ ಮನೆಯೊಡೆಯರ ಮುಖ ಜ್ಞಾಪಿಸಿಕೊಳ್ಳಿ. ಒಮ್ಮೆಯಂತೂ ಸೆಲ್ಟಿಕ್ ವಿರುದ್ಧದ ಪಂದ್ಯವನ್ನು ಲಿವಿಂಗ್‌ಸ್ಟನ್ ಊರಿಗೆ ಒಯ್ಯಬೇಕಾಯಿತು. ಬಾಡಿಗೆ ಮನೆಯಿಂದ ಇನ್ನೊಂದು ಬಾಡಿಗೆ ಮನೆಗೆ.

ಇಷ್ಟರಲ್ಲಿ ಮೈಲ್ಸನ್ ಗಂಭೀರವಾಗಿ ಕಾಯಿಲೆ ಬಿದ್ದರು, ಹಣದ ಒರತೆ ನಿಂತಿತು. ನಡೆಯುವುದು ಅವರೊಬ್ಬರ ಜೇಬಿನಿಂದ ಎಂಬುದು ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. 2008ರ ಮಾರ್ಚಿನಲ್ಲಿ ಕ್ಲಬ್ಬು, ಸಾಲ ತೀರಿಸಲಾಗದ ಸಂಸ್ಥೆಗಳನ್ನು ವಹಿಸಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ನಿಯಮದ ಪ್ರಕಾರ ಹತ್ತು ಅಂಕ ಕಡಿತ. ಉಪವಾಸ ಬಿದ್ದವನ ತಟ್ಟೆಯಿಂದ ಎರಡು ತುತ್ತು ಎತ್ತಿದ ಹಾಗೆ. ಆ ತಿಂಗಳು ಮುಗಿಯುವ ಮೊದಲೇ ಹಿಂಬಡ್ತಿ ಖಚಿತವಾಯಿತು. ಆದರೂ ಆಟ ನಿಲ್ಲುವಂತಿರಲಿಲ್ಲ. ನಡುವೆ ಒಂದು ತಂಡ ಎದ್ದುಹೋದರೆ ಉಳಿದ ಹನ್ನೊಂದು ತಂಡಗಳ ಅಂಕದ ಲೆಕ್ಕವೇ ಅಸ್ತವ್ಯಸ್ತ. ಅದಕ್ಕೆಂದು ಲೀಗೇ ಹಣ ಒದಗಿಸಿ ಉಳಿದ ಪಂದ್ಯಗಳನ್ನು ಆಡಿಸಿತು. ದಯೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ನಾನು ಕೇಳುವುದಿಲ್ಲ. ಸಂಬಳ ಸಿಕ್ಕಿತಲ್ಲ.

ಏಪ್ರಿಲ್ 5ರಂದು ಇನ್ವರ್ನೆಸ್ ಆಡಲು ಬಂತು. ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಕೂರುವ ಫರ್ ಪಾರ್ಕಿನಲ್ಲಿ ಅಂದು ಇದ್ದ ಪ್ರೇಕ್ಷಕರು 431. ಆ ಲೀಗಿನ ಇತಿಹಾಸದಲ್ಲೇ ಕನಿಷ್ಠ ಸಂಖ್ಯೆ ಎಂದು ಇದನ್ನು ಎಲ್ಲರೂ ಮೂಗುಮುರಿದು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಳಗಿಳಿಯುವುದು ಖಾತ್ರಿಯಾದ, ಮುಳುಗುತ್ತಿರುವ ತಂಡವೊಂದರ ಸುಳ್ಳು ತವರಿಗೆ 120 ಕಿಲೋಮೀಟರು ಪ್ರಯಾಣ ಮಾಡಿ ಬಂದವರೂ ಆ 431ರಲ್ಲಿ ಇದ್ದರಲ್ಲ! ನಮ್ಮ ಮನೆಯ ಮದುವೆಗೆ ಬಂದವರಲ್ಲಿ ಊಟವಿಲ್ಲವೆಂದು ಮೊದಲೇ ತಿಳಿದಿದ್ದರೆ ಎಷ್ಟು ಜನ ಬರುತ್ತಿದ್ದರು? ಲೆಕ್ಕ ಹಾಕಲು ಧೈರ್ಯ ಬರುವುದಿಲ್ಲ.

38 ಪಂದ್ಯ, 5 ಗೆಲುವು, 8 ಡ್ರಾ, 25 ಸೋಲು. ಕಡಿತ ಕಳೆದು ಉಳಿದದ್ದು 13 ಅಂಕ. ಕೊನೆಯ ಪಂದ್ಯ ಮೇ 13ರಂದು, ಎದುರಿಗೆ ಅದೇ ಹಾರ್ಟ್ಸ್. ಗೋಲಿಲ್ಲದೆ ಮುಗಿಯಬೇಕಿದ್ದ ಆಟದಲ್ಲಿ ಕೊನೆಯ ಹೊತ್ತಿಗೆ ಒಂದು ಗೋಲು ಬಂತು, ಗ್ರೆಟ್ನಾ 1-0ರಿಂದ ಗೆದ್ದಿತು. ಹೊಡೆದವನು ಗ್ಯಾವಿನ್ ಸ್ಕೆಲ್ಟನ್. ಎರಡು ವರ್ಷ ಹಿಂದೆ ಅಡ್ಡಪಟ್ಟಿಗೆ ಬಡಿದಿದ್ದ ಚೆಂಡು ಇಷ್ಟು ಹೊತ್ತು ಮಾಡಿಕೊಂಡು ಒಳಗೆ ಬಿತ್ತು ಅನ್ನಬಹುದು. ಆ ಕ್ಲಬ್ಬು ಹೊಡೆದ ಕಟ್ಟಕಡೆಯ ಗೋಲು ಅದೇ. ಕೆಲವೇ ದಿನಗಳಲ್ಲಿ ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸಿದರು, ಜೂನಿನಲ್ಲಿ ಲೀಗಿಗೆ ರಾಜೀನಾಮೆ, ಆಗಸ್ಟಿನಲ್ಲಿ ಕ್ಲಬ್ಬಿನ ವಿಸರ್ಜನೆ. ಮೈಲ್ಸನ್ ಅದೇ ನವೆಂಬರಿನಲ್ಲಿ ತೀರಿಕೊಂಡರು.

ಲೀಗಿನಲ್ಲಿ ತೆರವಾದ ಕುರ್ಚಿಗೆ ಅರ್ಜಿ ಹಾಕಿ ಕೂತವರು ಯಾರು? ಹದಿಮೂರು ಕಿಲೋಮೀಟರು ಆಚೆಯ ಅನ್ನನ್ ಊರಿನ ತಂಡ. ಗ್ರೆಟ್ನಾದ ಅಭಿಮಾನಿಗಳು ಸೇರಿ ‘ಗ್ರೆಟ್ನಾ 2008’ ಎಂಬ ಹೊಸ ಕ್ಲಬ್ಬು ಕಟ್ಟಿದರು. ಮೊದಮೊದಲು ಅದಕ್ಕೂ ಸ್ವಂತ ಮೈದಾನ ಸಿಗದೆ, ಆಡಲು ಹೋದದ್ದು ಅದೇ ಅನ್ನನ್ನಿಗೆ. ಎರಡು ವರ್ಷ ಕಳೆದು 2010ರಲ್ಲಿ ಅದು ರೇಡೇಲ್ ಪಾರ್ಕಿಗೆ ಬಂತು. ಪ್ರೀಮಿಯರ್ ಲೀಗಿನಿಂದ ಎಷ್ಟೋ ಮೆಟ್ಟಿಲು ಕೆಳಗಿನ ಆಟ. ದೊಡ್ಡಪ್ಪನಿಗೆ ಈ ಭಾಗವನ್ನು ಓದಿ ಹೇಳಿದಾಗ ಅವರು ತೆಂಗಿನ ಗರಿ ಸೀಳುತ್ತಿದ್ದರು, ತಲೆ ಎತ್ತದೆ ಕೇಳಿದರು: “ಈಗ ಆಟ ನೋಡೋಕೆ ನಡ್ಕೊಂಡು ಹೋಗ್ತಾರೇನೋ?”

“ಹೂಂ ದೊಡ್ಡಪ್ಪ, ಮೈದಾನ ಊರೊಳಗೇ ಇದೆ.”

“ಹಂಗಿದ್ರೆ ಸರಿ,” ಎಂದು ಇನ್ನೊಂದು ಗರಿ ಎಳೆದುಕೊಂಡರು.