ಎಲ್ಲ ವ್ಯಾನೂ ಒಟ್ಟಿಗೇ ಯಾಕೆ?

ಈಜಿಪ್ಟಿನ ಆಸ್ವಾನ್‌ನಿಂದ ಅಬು ಸಿಂಬೆಲ್‌ನ ಪುರಾತನ ಗುಡಿಗಳಿಗೆ ಸುಮಾರು 280 ಕಿಲೋಮೀಟರ್. ಬರೀ ಮರಳುಗಾಡು. ಬೆಳಗಿನ ಜಾವವೇ ಎಬ್ಬಿಸಿ ವ್ಯಾನಿಗೆ ತುಂಬುತ್ತಾರೆ. ಬಿಸಿಲೇರುವ ಮೊದಲು ನೋಡಬೇಕು, ಸರಿ. ಆದರೆ ಊರಿನ ವ್ಯಾನುಗಳೆಲ್ಲ ಅದೇ ಹೊತ್ತಿಗೆ ಹೊರಟರೆ ಎಲ್ಲರೂ ಒಟ್ಟಿಗೇ ಬಂದು ಬೀಳುತ್ತಾರೆ, ಅಲ್ವಾ?

ಹೊರಗೆ ಪರವಾಗಿಲ್ಲ. ಸುಮಾರು 20 ಮೀಟರ್ ಎತ್ತರದ ರಾಜ ರಾಮ್ಸೆಸ್‌ನ ಕಲ್ಲಿನ ಮೂರ್ತಿಗಳಿಗೆ ಯಾರ ತಲೆ ಅಡ್ಡ ಬಂದೀತು? ಒಳಗೆ ಮಾತ್ರ ಜಾತ್ರೆ. ಅವನು ಹೋರಾಡಿದ ಕಾದೇಶ್ ಯುದ್ಧದ ಕೆತ್ತನೆ ನೋಡೋಣ ಅಂದರೆ ಕಣ್ಣಿಗೆ ಬೀಳೋದು ಎತ್ತಿ ಹಿಡಿದ ಮೊಬೈಲುಗಳೇ. ಆಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗದಿರಲಿ ಅಂತ 1964ರಿಂದ 1968ರವರೆಗೆ ಇಡೀ ಗುಡಿಯನ್ನೇ ತುಂಡು ತುಂಡಾಗಿ ಕೊಯ್ದು ಮೇಲಕ್ಕೆ ಸಾಗಿಸಿದರು. ಅದನ್ನು ನೋಡೋಕೆ ನಮಗೆ ಎರಡು ಗಂಟೆ ಕೊಡೋದೇ ನಮ್ಮ ಡ್ರೈವರಿಗೆ ಜಾಸ್ತಿ! ಪಕ್ಕದಲ್ಲಿರುವ, ರಾಮ್ಸೆಸ್‌ನ ರಾಣಿ ನೆಫೆರ್ತಾರಿಯ ಗುಡಿಗೆ ಓಡೋಡಿ ಹೋಗಿ ಬಂದೆ. ಅಲ್ಲಿ ಏನು ನೋಡಿದೆ ಅಂತ ಮಾತ್ರ ಕೇಳಬೇಡಿ.