ಸರ್ಕಸ್‌ಲಿ ನೆಟ್ ಕಟ್ಟೋದು ನೋಡಿದೋರಿಗೆ ಗೊತ್ತು ಆ ಟೆನ್ಷನ್
ಹೊಸ ಊರಲ್ಲಿ ಸರ್ಕಸ್‌ನ ಮೊದಲ್ನೇ ಶೋಗೆ ಮುಂಚೆ ಎಷ್ಟು ಒತ್ತಡ ಇರುತ್ತೆ ಅಂತ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರ್ದಿದೀರಿ ಸರ್, ಆದ್ರೆ ಟೆಂಟ್ ಎದ್ದುನಿಂತ್ರೆ ಅರ್ಧ ಕೆಲ್ಸ ಮುಗೀತು ಅಂದಿದ್ದು ನಾನು ಒಪ್ಪಲ್ಲ. ನಮ್ಮಪ್ಪ ಒಂದು ಸರ್ಕಸ್ ಕಂಪನಿಲಿ ಲೈಟಿಂಗ್ ನೋಡ್ಕೋತಿದ್ರು, ದಾವಣಗೆರೆಗೆ ಕ್ಯಾಂಪ್ ಬಂದಾಗ ಓಪನಿಂಗ್ ಹಿಂದಿನ ರಾತ್ರಿ ನಾನೂ ಅವ್ರ ಜೊತೆ ಟೆಂಟಲ್ಲೇ ಇದ್ದೆ. ಸಂಜೆ ಮಳೆ ಹೊಡೆದು ಟ್ರಪೀಜ್ (ಎತ್ತರದ ಉಯ್ಯಾಲೆ ಆಟ) ಕೆಳಗಿನ ನೆಟ್ ನೆನೆದು ಜೋತುಬಿದ್ದಿತ್ತು, ಆ ಆಟ ಕಲಿಸೋ ಮಾಸ್ಟರು ನಾಲ್ಕೂ ಕಡೆ ಹಗ್ಗ ಬಿಚ್ಚಿಸಿ ಮತ್ತೆ ಎಳೆಸಿ ಕಟ್ಟಿಸಿದ್ರು, ಆಮೇಲೆ ಮೇಲೆ ಹತ್ತಿ ತಾವೇ ಬಿದ್ದು ನೋಡಿದ್ರು, ಯಾಕಂದ್ರೆ ಸಡಿಲ ಇದ್ರೆ ನೆಲ ತಾಕುತ್ತೆ, ತೀರಾ ಬಿಗಿ ಇದ್ರೆ ಪುಟಿದು ಹೊರಗೆ ಹೋಗ್ತಾರೆ. ಮೂರು ಸಲ ಬಿದ್ದ್ರು, ಮೂರು ಸಲಾನೂ ಬೆನ್ನು ಕೊಟ್ಟೇ. ಕೈ ಕೊಟ್ರೆ ಮುರಿಯುತ್ತೆ ಅಂತ ಅಪ್ಪ ಹೇಳಿದ್ರು.

ನೆಟ್ ಒಂದೇ ಅಲ್ಲ, ಫೈರ್ ಎನ್‌ಒಸಿ (ಅಗ್ನಿಶಾಮಕ ಇಲಾಖೆ ಒಪ್ಪಿಗೆ ಪತ್ರ), ಪೊಲೀಸ್ ಪರ್ಮಿಷನ್, ಕರೆಂಟು ಎಲ್ಲಾ ಅದೇ ವಾರದಲ್ಲೇ ಆಗ್ಬೇಕು.

1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳ ಪ್ರದರ್ಶನ ಬ್ಯಾನ್ ಮಾಡ್ತು, ಅದು ಸರಿಯಾದ್ದೇ, ಆ ಬೋನು ನೋಡಿದ್ರೆ ಕರುಳು ಚುರ್ ಅನ್ನೋದು. ಆದ್ರೆ ಆಮೇಲೆ ಜನ ಕರೆಯೋ ಭಾರ ಪೂರ್ತಿ ಈ ಕಲಾವಿದರ ಮೈಮೇಲೇ ಬಿತ್ತು. ದಾವಣಗೆರೆಲಿ ಆ ರಾತ್ರಿ ಕಳೆದು ಮಾರನೇ ದಿನ ಓಪನಿಂಗ್‌ಗೆ ಮುಂಚೆ ಪರದೆ ಹಿಂದೆ ಒಬ್ಬ ಹುಡುಗ ಕೈಗೆ ಪೌಡರ್ ಹಚ್ಚಿ ಒರೆಸ್ಕೊಂಡು ಮತ್ತೆ ಹಚ್ಕೊತಾ ನಿಂತಿದ್ದ, ಬ್ಯಾಂಡ್ ಶುರುವಾಗೋವರೆಗೂ ಹಂಗೇ ಮಾಡ್ತಿದ್ದ.