ಐದು ಪೆಲೆಟ್‌ಗಳ ಗ್ರೂಪ್ ನೋಡಿ ತೀರ್ಮಾನಿಸಬೇಡಿ

ಮೈಸೂರಿನಲ್ಲಿ ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಕಳುಹಿಸುತ್ತಿರುವ ತಂದೆತಾಯಿಯರ ಗಮನಕ್ಕೆ ಈ ಬರಹ. ಕಳೆದ ಬೇಸಿಗೆಯಲ್ಲಿ ನನ್ನ ಮಗಳ ಅಂಕಗಳು ಇದ್ದಕ್ಕಿದ್ದಂತೆ ಇಳಿದವು. ಏಕಾಗ್ರತೆಯಿಲ್ಲ, ಉಸಿರಿನ ಹಿಡಿತವಿಲ್ಲ ಎಂದು ನಾವೆಲ್ಲ ಅವಳನ್ನೇ ತಿದ್ದಲು ಹೊರಟೆವು. ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡುಗಳ ಡಬ್ಬಿ ಬದಲಾಗಿದ್ದು ಮೂರು ವಾರ ಯಾರಿಗೂ ಹೊಳೆಯಲಿಲ್ಲ. ಕಂಪನಿ ಅದೇ, ಡಬ್ಬಿಯ ಮೇಲಿನ 4.50 ಮಿ.ಮೀ. ಅಳತೆಯೂ ಅದೇ, ಬ್ಯಾಚ್ ಸಂಖ್ಯೆ ಮಾತ್ರ ಬೇರೆ.

ಸೀಸದ ಪೆಲೆಟ್‌ನ ತಲೆ ಬ್ಯಾರೆಲ್‌ನ ಒಳಗೀರುಗಳಿಗೆ ಎಷ್ಟು ಬಿಗಿಯಾಗಿ ಕೂರುತ್ತದೆ, ಹಿಂಬದಿಯ ತೆಳು ಅಂಚು ಗಾಳಿಯ ಒತ್ತಡಕ್ಕೆ ಎಷ್ಟು ಸಮವಾಗಿ ಅರಳುತ್ತದೆ ಎಂಬುದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗಬಹುದು. ಒಂದು ರೈಫಲ್‌ಗೆ ಒಗ್ಗಿದ್ದು ಅದೇ ಮಾದರಿಯ ಇನ್ನೊಂದಕ್ಕೆ ಒಗ್ಗಬೇಕೆಂದೂ ಇಲ್ಲ. ಟಾರ್ಗೆಟ್‌ನ ನಡುವಿನ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಪೆಲೆಟ್ ನಡುವಿನಿಂದ ಒಂದು ಮಿ.ಮೀ. ಹೆಚ್ಚು ದೂರ ಬಿದ್ದರೆ 0.4 ಅಂಕ ಹೋಗುತ್ತದೆ, ಅರ್ಹತಾ ಸುತ್ತಿನಲ್ಲಿ ಹಾರಿಸಬೇಕಾದದ್ದು 60.

ಕೊನೆಗೆ ರೈಫಲನ್ನು ಮೇಜಿಗೆ ಕ್ಲಾಂಪ್ ಮಾಡಿ ಎರಡೂ ಬ್ಯಾಚುಗಳನ್ನು ಪರೀಕ್ಷಿಸಿದೆವು. ಮೊದಲ ಐದೈದು ಪೆಲೆಟ್‌ಗಳಲ್ಲಿ ಹೊಸ ಬ್ಯಾಚೇ ಚೆನ್ನಾಗಿ ಕಂಡಿತು! ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪು ಮತ್ತೆ ಮಗಳ ತಲೆಗೇ ಬರುತ್ತಿತ್ತು. ಒಂದೇ ಗುರಿಗೆ ಹಾರಿಸಿದ ಪೆಲೆಟ್‌ಗಳ ರಂಧ್ರಗಳ ಗುಂಪೇ ಗ್ರೂಪ್; ಅದು ಚಿಕ್ಕದಿದ್ದಷ್ಟೂ ಒಳ್ಳೆಯದು. ಹತ್ತು ಪೆಲೆಟ್‌ಗಳ ಮೂರು ಮೂರು ಗ್ರೂಪ್ ಹಾರಿಸಿ, ರಂಧ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದಾಗ ಹಳೆಯದು ಆರು ಮಿ.ಮೀ. ಒಳಗೇ ಉಳಿಯಿತು, ಹೊಸದು ಮೂರು ಸಲವೂ ಏಳನ್ನು ದಾಟಿತು. ಪೆಲೆಟ್‌ಗಳು ಹೆಚ್ಚಾದಂತೆ ಗ್ರೂಪ್ ಹಿಗ್ಗಬಹುದೇ ಹೊರತು ಕುಗ್ಗಲಾರದು. ಆದ್ದರಿಂದ ಐದರ ಚಿಕ್ಕ ಗ್ರೂಪ್ ಬಹಳ ಸಲ ಅದೃಷ್ಟದ್ದೇ ಆಗಿರುತ್ತದೆ.

ಕೆಲವು ದೇಶಗಳಲ್ಲಿ ರೈಫಲ್ ಶೂಟರ್‌ಗಳು ತಮ್ಮ ಕಾಡತೂಸುಗಳನ್ನು ತಾವೇ ತುಂಬಿಸಿಕೊಂಡು ರೇಂಜ್‌ನಲ್ಲಿ ಹೀಗೆಯೇ ಪರೀಕ್ಷಿಸುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು; ನಮ್ಮ ಮಕ್ಕಳ ಪಾಲಿಗೆ ಇರುವುದು ಸಿಗುವ ಬ್ಯಾಚುಗಳಲ್ಲಿ ಒಗ್ಗುವುದನ್ನು ಆಯ್ದುಕೊಳ್ಳುವುದೊಂದೇ. ಹಾಗಿರುವಾಗ ಆ ಆಯ್ಕೆಗಾದರೂ ಅವಕಾಶ ಬೇಡವೇ? ತರಬೇತಿಗೆ ಸಾವಿರಾರು ರೂಪಾಯಿ ಪಡೆಯುವ ಪ್ರತಿಯೊಂದು ಹಾಲ್‌ನಲ್ಲೂ ಒಂದು ಕ್ಲಾಂಪ್, ತಿಂಗಳಿಗೆ ಅರ್ಧ ದಿನದ ಪರೀಕ್ಷೆ ಇರಲೇಬೇಕು. ಅಂಗಡಿಯವರು ಒಂದೊಂದು ಬ್ಯಾಚಿನಿಂದ ಒಂದು ಡಬ್ಬಿ ಕೊಟ್ಟು, ಪರೀಕ್ಷೆ ಮುಗಿಯುವವರೆಗೆ ಉಳಿದವನ್ನು ತೆಗೆದಿರಿಸಬೇಕು.

ನಮಗೆ ಹಳೆಯ ಬ್ಯಾಚಿನ ನಾಲ್ಕು ಡಬ್ಬಿ ಮಾತ್ರ ಸಿಕ್ಕಿದವು. ಅವನ್ನು ಸ್ಪರ್ಧೆಗಳಿಗೆಂದು ಎತ್ತಿಟ್ಟಿದ್ದೇವೆ. ಆ ಮೂರು ವಾರ ಆಡಿದ ಮಾತುಗಳಿಗಾಗಿ ಮಗಳ ಕ್ಷಮೆಯನ್ನೂ ಕೇಳಿದ್ದೇನೆ.